ಮಗುವಿಗೆ ಅಪರೂಪದ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಈಗ 11 ವರ್ಷ. ಅವಳ ಹೆಸರನ್ನು ಮೊದಲ ಸಲ ಕೇಳಿದವರೆಲ್ಲ ಹೆಚ್ಚು ಕಡಿಮೆ ಒಂದೇ ಮಾತು ಹೇಳುತ್ತಾರೆ: "ಏನಂದ್ರಿ?" ಇದು ಗೊತ್ತಿರುವುದರಿಂದ, ಮಗುವಿಗೆ ಹೆಸರು ಹುಡುಕುತ್ತಿರುವ ಗೆಳೆಯರು, ಅವರ ಗೆಳೆಯರು ನನಗೆ ಫೋನ್ ಮಾಡುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಮಗಳ ಹೆಸರನ್ನು ಮಾತ್ರ ಬರೆದಿಲ್ಲ. ಅದು ಅವಳದ್ದು. ಎಲ್ಲಿ ಹೇಳಬೇಕು ಅನ್ನುವುದು ಅವಳಿಗೇ ಬಿಟ್ಟಿದ್ದು.

ಎಂಥ ಹೆಸರನ್ನು ಅಪರೂಪದ್ದು ಅನ್ನಬೇಕು?

ಜನ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಆದರೆ ಇದರಲ್ಲಿ ಹಲವು ಬಗೆ ಇದೆ. ಇಬ್ಬನಿ, ಮುಗಿಲು, ಹೊನಲು ತರಹದ ಹೆಸರುಗಳಲ್ಲಿ ಪದ ಎಲ್ಲರಿಗೂ ಗೊತ್ತು, ಹೆಸರಾಗಿ ಕೇಳಿರುವುದಿಲ್ಲ. ಇನ್ನು ಕೆಲವು ಮುತ್ತಜ್ಜಿಯ ಕಾಲದ ಹೆಸರುಗಳು. ಆಗ ಮನೆಗೊಂದು ಇದ್ದವು, ಈಗ ಯಾರೂ ಇಡುವುದಿಲ್ಲ. ಗಂಡುಮಕ್ಕಳ ಹೆಸರನ್ನು ಹೆಣ್ಣುಮಗುವಿಗೆ ಇಡುವುದುಂಟು, ಹೆಣ್ಣುಮಕ್ಕಳದ್ದನ್ನು ಗಂಡುಮಗುವಿಗೂ ಇಡುವುದುಂಟು. ಅಪ್ಪ ಅಮ್ಮನ ಹೆಸರಿನ ಒಂದೊಂದು ಅಕ್ಷರ ಜೋಡಿಸಿ ಕಟ್ಟಿದ ಹೆಸರುಗಳೂ ಇವೆ.

ಇವುಗಳಿಗೆ ಬರುವ ಪ್ರತಿಕ್ರಿಯೆಯೂ ಬೇರೆ ಬೇರೆ. ಗೊತ್ತಿರುವ ಪದಕ್ಕೆ ಜನ ನಗುತ್ತಾರೆ, ಆದರೆ ಮರೆಯುವುದಿಲ್ಲ. ಕಟ್ಟಿದ ಹೆಸರಿಗೆ ನಗುವುದಿಲ್ಲ, ಅರ್ಥ ಕೇಳುತ್ತಾರೆ, ಹತ್ತು ನಿಮಿಷದಲ್ಲಿ ಮರೆಯುತ್ತಾರೆ. ನನ್ನನ್ನು ಕೇಳಿದರೆ ಗೊತ್ತಿರುವ ಪದವೇ ಮಗುವಿಗೆ ಹಗುರ.

ಒಂದು ಲೆಕ್ಕ ನೋಡಿ. ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆಯ ಹೆಸರುಗಳ ಪಟ್ಟಿ 1880ರಿಂದ ಸಿಗುತ್ತದೆ. ಆ ವರ್ಷ ಪಟ್ಟಿಯ ಗಂಡುಮಕ್ಕಳಲ್ಲಿ 100ಕ್ಕೆ 8 ಜನ ಜಾನ್. 2023ರಲ್ಲಿ ಎಲ್ಲಕ್ಕಿಂತ ಮೇಲಿದ್ದ ಹೆಸರು ಲಿಯಂ. ಅದನ್ನು ಇಟ್ಟವರು 100ಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅಂದರೆ ಅತಿ ಜನಪ್ರಿಯ ಹೆಸರೇ ಈಗ ಅಷ್ಟು ವಿರಳ. ತರಗತಿ ತುಂಬ ಬೇರೆ ಬೇರೆ ಹೆಸರಿದ್ದಾಗ ನಿಮ್ಮ ಮಗುವಿನದೊಂದೇ ಎದ್ದು ಕಾಣುವುದಿಲ್ಲ.

ಹೆಸರು ಹೇಳಿದ ಕೂಡಲೇ ಜನರ ಮುಖ ಯಾಕೆ ಹಾಗಾಗುತ್ತದೆ?

ಆ ಒಂದು ಕ್ಷಣದ ಮುಖ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತು. ಹುಬ್ಬು ಮೇಲೇರುತ್ತದೆ. ಆಮೇಲೆ ಒಂದು ಸಣ್ಣ ಮೌನ. ಆಮೇಲೆ "ಓ... ಚೆನ್ನಾಗಿದೆ". ಆ ಮೌನ ನಮಗೆ ಚುಚ್ಚುತ್ತದೆ.

ಹೆಚ್ಚಿನ ಸಲ ಅದು ತಿರಸ್ಕಾರ ಆಗಿರುವುದಿಲ್ಲ. ಕೇಳಿದವರು ಆ ಶಬ್ದವನ್ನು ತಲೆಯಲ್ಲಿ ಹುಡುಕುತ್ತಿರುತ್ತಾರೆ. ಹಳೆಯ ಹೆಸರಾದರೆ ತಕ್ಷಣ ಸಿಗುತ್ತದೆ, ಗೊತ್ತಿರುವ ನಾಲ್ಕು ಜನರ ಮುಖ ಕಣ್ಣ ಮುಂದೆ ಬರುತ್ತದೆ. ಹೊಸ ಹೆಸರಿಗೆ ಯಾವ ಮುಖವೂ ಇರುವುದಿಲ್ಲ.

ಮನಃಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ. ಅರ್ಥವೇ ಇಲ್ಲದ ಪದಗಳನ್ನು, ಚೀನಿ ಲಿಪಿಯಂಥ ಗುರುತುಗಳನ್ನು ಅವರು ಜನರ ಮುಂದಿಟ್ಟರು. ಕೆಲವನ್ನು ಒಂದೆರಡು ಸಲ, ಕೆಲವನ್ನು ಹತ್ತಾರು ಸಲ. ಹೆಚ್ಚು ಸಲ ಎದುರಾದದ್ದೇ ಜನರಿಗೆ ಹೆಚ್ಚು ಇಷ್ಟವಾಯಿತು. ಹೆಸರಿಗೂ ಹೀಗೇ ಆಗುವುದನ್ನು ನಾನು ಮನೆಯಲ್ಲೇ ನೋಡಿದ್ದೇನೆ. "ಇದೂ ಒಂದು ಹೆಸರಾ?" ಎಂದಿದ್ದ ನಮ್ಮ ಪಕ್ಕದ ಮನೆಯವರು ಈಗ ಬೇರೆ ಯಾವ ಮಗುವಿಗೂ ಆ ಹೆಸರು ಒಪ್ಪುವುದಿಲ್ಲ ಅನ್ನುತ್ತಾರೆ.

ಹಾಗಾದರೆ ಎಲ್ಲ ವಿಚಿತ್ರ ಹೆಸರೂ ಒಂದು ದಿನ ಮಾಮೂಲಿ ಆಗುತ್ತದಾ?

ಎಲ್ಲವೂ ಆಗುವುದಿಲ್ಲ. ಆದರೆ ಇವತ್ತಿನ ಎಷ್ಟೋ ಮಾಮೂಲಿ ಹೆಸರುಗಳು ಒಂದು ಕಾಲಕ್ಕೆ ಯಾರೋ ಕಟ್ಟಿದ್ದೇ. ವನೆಸಾ ಎಂಬ ಹೆಸರನ್ನು 18ನೇ ಶತಮಾನದಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ತನ್ನ ಗೆಳತಿಯೊಬ್ಬಳ ಹೆಸರಿನ ಚೂರುಗಳನ್ನು ಜೋಡಿಸಿ ಮಾಡಿದ. ವೆಂಡಿ ಬಲು ಅಪರೂಪದ ಹೆಸರಾಗಿತ್ತು. 1904ರಲ್ಲಿ ವೆಂಡಿ ಎಂಬ ಹುಡುಗಿಯ ಪಾತ್ರವಿದ್ದ ಪೀಟರ್ ಪ್ಯಾನ್ ನಾಟಕ ರಂಗಕ್ಕೆ ಬಂದ ಮೇಲೆ ಅದು ಮನೆಮಾತಾಯಿತು. ಆ ಮೊದಲ ಕೆಲವು ವೆಂಡಿಯರ ಅಮ್ಮಂದಿರು ಏನೇನು ಮಾತು ಕೇಳಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹೆರಿಗೆಗೆ ಮುಂಚೆಯೇ ಹೆಸರನ್ನು ಎಲ್ಲರಿಗೂ ಹೇಳಬಹುದಾ?

ಹೇಳಬೇಡಿ. ಮಗು ಹುಟ್ಟುವ ತನಕ ಹೆಸರು ಬರೀ ಶಬ್ದ. ಶಬ್ದದ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದು ಅಂದುಕೊಳ್ಳುತ್ತಾರೆ. ಕೈಯಲ್ಲಿ ಮಗುವನ್ನು ಎತ್ತಿಕೊಂಡು "ಇವಳ ಹೆಸರು ಇದು" ಎಂದಾಗ ಅದೇ ಜನ ಮೆತ್ತಗಾಗುತ್ತಾರೆ. ನಾವು ಏಳನೇ ತಿಂಗಳಲ್ಲೇ ಹೇಳಿಬಿಟ್ಟೆವು. ಆಮೇಲಿನ ಎರಡು ತಿಂಗಳು ಬೇರೆ ಹೆಸರುಗಳ ಪಟ್ಟಿ ಬರುತ್ತಲೇ ಇತ್ತು.

ಅಜ್ಜ ಅಜ್ಜಿ ಒಪ್ಪುತ್ತಿಲ್ಲ. ಏನು ಮಾಡಲಿ?

ನನಗೆ ಬರುವ ಫೋನುಗಳಲ್ಲಿ ಇದೇ ಜಾಸ್ತಿ. ಅಳುತ್ತಾ ಮಾತಾಡಿದವರೂ ಇದ್ದಾರೆ.

ಮೊದಲು ಅವರ ಬೇಸರ ಯಾವುದರ ಬಗ್ಗೆ ಅಂತ ಕಂಡುಕೊಳ್ಳಿ. ಕೆಲವರಿಗೆ ನಿಜಕ್ಕೂ ಹೆಸರು ಹೇಳಲು ಬರುವುದಿಲ್ಲ, ನಾಲಿಗೆ ತೊಡರುತ್ತದೆ, ಅದನ್ನು ಒಪ್ಪಿಕೊಳ್ಳಲು ಮುಜುಗರ. ಕೆಲವರಿಗೆ ತಮ್ಮವರ ಹೆಸರು ಮುಂದುವರಿಯಲಿಲ್ಲ ಎಂಬ ನೋವು. ಇನ್ನು ಕೆಲವರಿಗೆ ತಮ್ಮನ್ನು ಯಾರೂ ಕೇಳಲೇ ಇಲ್ಲ ಅನ್ನುವುದೇ ದುಃಖ. ಹೊರಗೆ ಮೂರೂ "ಇದೆಂಥ ಹೆಸರು?" ಅಂತಲೇ ಕೇಳಿಸುತ್ತವೆ.

ನನ್ನ ಅತ್ತೆಯವರು ಮೂರು ತಿಂಗಳು ಮಗಳನ್ನು "ಪಾಪು" ಅಂತಲೇ ಕರೆದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಅವರೊಬ್ಬರೇ ಮೆಲ್ಲಗೆ ಆ ಹೆಸರನ್ನು ಹೇಳಿ ನೋಡಿಕೊಳ್ಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಎರಡು ಸಲ ತಪ್ಪಿತು. ಮೂರನೇ ಸಲ ಸರಿಯಾಯಿತು. ಅವರಿಗೆ ಹೆಸರು ಬೇಡವಾಗಿತ್ತು ಅಂತ ನಾನು ಅಂದುಕೊಂಡಿದ್ದೆ. ಎಲ್ಲರ ಮುಂದೆ ತಪ್ಪಾಗಿ ಹೇಳಿಬಿಟ್ಟರೆ ಅಂತ ಅವರು ಹೆದರಿದ್ದರು. ಅವತ್ತು ಸಂಜೆ ನಾನೇ ಹೋಗಿ, ಅದನ್ನು ಚಿಕ್ಕದು ಮಾಡಿ ಹೇಗೆ ಕರೆಯಬಹುದು ನೀವೇ ಹೇಳಿ ಅತ್ತೆ ಎಂದೆ. ಅವರು ಕೊಟ್ಟ ಎರಡಕ್ಷರದ ಹೆಸರಲ್ಲೇ ಮಗಳನ್ನು ಈಗಲೂ ಮನೆಯಲ್ಲಿ ಕರೆಯುವುದು.

ಹಾಗಾಗಿ ನನ್ನ ಸಲಹೆ ಇಷ್ಟು. ಹೆಸರು ನಿಮ್ಮದೇ ಇರಲಿ, ಮುದ್ದಿನ ಹೆಸರನ್ನು ಅವರಿಗೆ ಬಿಟ್ಟುಕೊಡಿ. ವಾದ ಮಾಡಿ ಗೆಲ್ಲಲು ಹೋಗಬೇಡಿ.

"ಅದರ ಅರ್ಥ ಏನು?", "ಬೇರೆ ಹೆಸರು ಸಿಗಲಿಲ್ವಾ?" ಅನ್ನುವವರಿಗೆ ಏನು ಹೇಳಲಿ?

ಎರಡು ವಾಕ್ಯ ಸಿದ್ಧ ಇಟ್ಟುಕೊಳ್ಳಿ. ಒಂದರಲ್ಲಿ ಅರ್ಥ, ಇನ್ನೊಂದರಲ್ಲಿ ಯಾಕೆ ಇಟ್ಟಿರಿ ಅನ್ನುವುದು. "ಹೊನಲು ಅಂದರೆ ಹರಿಯುವ ನೀರು. ನಮ್ಮಿಬ್ಬರಿಗೂ ಆ ಪದ ಇಷ್ಟ." ಮುಗಿಯಿತು. ಉದ್ದಕ್ಕೆ ವಿವರಿಸಿದಷ್ಟೂ ಕ್ಷಮೆ ಕೇಳುತ್ತಿರುವ ಹಾಗೆ ಕಾಣುತ್ತದೆ. ಕೇಳಿದವರೂ ಹಾಗೇ ಅಂದುಕೊಳ್ಳುತ್ತಾರೆ.

ಕೊಂಕು ಮಾತಿಗೆ ಕೊಂಕಲ್ಲೇ ಉತ್ತರ ಕೊಡಬೇಡಿ ಅನ್ನುವುದಕ್ಕೆ ಒಂದು ಕಾರಣ ಇದೆ. ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಹೆಸರು ಹೇಳುವಾಗ ಅಮ್ಮನ ದನಿ ಗಟ್ಟಿಯಾಗಿದೆಯಾ, ಅಳುಕಿದೆಯಾ, ಜಗಳಕ್ಕೆ ನಿಂತಿದೆಯಾ ಅನ್ನುವುದನ್ನು ಅದು ಕಲಿಯುತ್ತದೆ. ಮಗಳಿಗೆ ನಾಲ್ಕು ವರ್ಷ ಇದ್ದಾಗ ಒಂದು ಆಸ್ಪತ್ರೆಯಲ್ಲಿ ಹೆಸರು ಕೂಗಿದವರು ಜೋರಾಗಿ ನಕ್ಕುಬಿಟ್ಟರು. ನಾನು ರೇಗಿದೆ. ಮನೆಗೆ ಬಂದ ಮೇಲೆ ಅವಳು ಕೇಳಿದಳು, "ಅಮ್ಮಾ, ನನ್ನ ಹೆಸರು ತಪ್ಪಾ?" ಆ ನಗುವಿಗಿಂತ ನನ್ನ ಸಿಟ್ಟೇ ಅವಳಿಗೆ ಹಾಗೆ ಅನ್ನಿಸಿತ್ತು.

ಶಾಲೆಯಲ್ಲಿ ರೇಗಿಸುವುದಿಲ್ವಾ?

ರೇಗಿಸುತ್ತಾರೆ. ಇಲ್ಲ ಅಂತ ನಾನು ಸುಮ್ನೆ ಧೈರ್ಯ ಹೇಳುವುದಿಲ್ಲ. ಆದರೆ ಮಕ್ಕಳು ಮಾಮೂಲಿ ಹೆಸರಿನವರನ್ನೂ ಬಿಡುವುದಿಲ್ಲ. ಪ್ರಾಸ ಸಿಕ್ಕರೆ ಸಾಕು. ಕೆಟ್ಟ ಪದಕ್ಕೆ ಪ್ರಾಸವಾಗುವ ಸಾಮಾನ್ಯ ಹೆಸರಿಗಿಂತ ಪ್ರಾಸ ಸಿಗದ ಅಪರೂಪದ ಹೆಸರೇ ವಾಸಿ. ಹೆಸರು ಗೊತ್ತು ಮಾಡುವ ಮುಂಚೆ ಏಳೆಂಟು ವರ್ಷದ ಮಗುವಿಗೆ ಅದನ್ನು ಹೇಳಿ, "ಇದಕ್ಕೆ ತಮಾಷೆ ಮಾಡು ನೋಡೋಣ" ಅನ್ನಿ. ದೊಡ್ಡವರಿಗೆ ಒಂದು ವಾರ ಯೋಚಿಸಿದರೂ ಹೊಳೆಯದ್ದು ಅವರಿಗೆ ಎರಡು ನಿಮಿಷದಲ್ಲಿ ಹೊಳೆಯುತ್ತದೆ.

ಹೊಸ ತರಗತಿ ಶುರುವಾಗುವ ಮುಂಚೆ ಟೀಚರ್‌ಗೆ ಹೆಸರನ್ನು ಹೇಗೆ ಹೇಳಬೇಕು ಅಂತ ತಿಳಿಸಿ. ಹಾಜರಿ ಕೂಗುವಾಗ ಟೀಚರ್ ತಡವರಿಸಿದರೆ ಇಡೀ ತರಗತಿ ನಗುತ್ತದೆ. ಅವರು ಸಲೀಸಾಗಿ ಹೇಳಿದರೆ ಉಳಿದವರೂ ಸಲೀಸಾಗಿ ತೆಗೆದುಕೊಳ್ಳುತ್ತಾರೆ. ಇದು ಸಣ್ಣ ಕೆಲಸ. ಮಾಡುವವರು ಕಡಿಮೆ.

ದೊಡ್ಡವರಾದ ಮೇಲೆ ಕೆಲಸ ಸಿಗಲು ತೊಂದರೆ ಆಗುತ್ತದಾ?

ಹೆಸರು ನೋಡಿ ಜನ ತೀರ್ಪು ಕೊಡುತ್ತಾರೆ ಅನ್ನುವುದು ನಿಜ. ಅಮೆರಿಕದ ಬಾಸ್ಟನ್ ಮತ್ತು ಶಿಕಾಗೊದಲ್ಲಿ ಮರಿಯಾನ್ ಬರ್ಟ್ರಾಂಡ್, ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಸುಮಾರು 5,000 ಅರ್ಜಿಗಳನ್ನು ಕಳಿಸಿ ನೋಡಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಬಿಳಿಯರದ್ದು ಅನ್ನಿಸುವ ಹೆಸರಿದ್ದಾಗ ಸುಮಾರು 10 ಅರ್ಜಿಗೆ ಒಂದು ಕರೆ ಬಂತು. ಕರಿಯರದ್ದು ಅನ್ನಿಸುವ ಹೆಸರಿದ್ದಾಗ ಒಂದು ಕರೆಗೆ ಸುಮಾರು 15 ಅರ್ಜಿ ಬೇಕಾಯಿತು. ಅರ್ಜಿಯಲ್ಲಿದ್ದ ಓದು, ಅನುಭವ ಒಂದೇ ಮಟ್ಟದ್ದು. ಆದರೆ ಅಲ್ಲಿ ಅಡ್ಡ ಬಂದದ್ದು ಜನಾಂಗದ ಬಗೆಗಿನ ಪೂರ್ವಗ್ರಹ. ಹೆಸರು ಹೊಸದು ಅನ್ನುವುದು ಬೇರೆಯೇ ವಿಷಯ.

ನಮ್ಮ ಪ್ರಶ್ನೆಗೆ ಹತ್ತಿರವಾದದ್ದು 2012ರ ಇನ್ನೊಂದು ಅಧ್ಯಯನ. ಸೈಮನ್ ಲಾಹಮ್ ಮತ್ತು ಜೊತೆಗಾರರು ಹೇಳಲು ಸುಲಭವಾದ ಹೆಸರುಗಳನ್ನೂ ಕಷ್ಟದ ಹೆಸರುಗಳನ್ನೂ ಹೋಲಿಸಿದರು. ಸುಲಭವಾಗಿ ಹೇಳಬಹುದಾದ ಹೆಸರಿನವರ ಬಗ್ಗೆ ಜನರಿಗೆ ಒಳ್ಳೆಯ ಅಭಿಪ್ರಾಯ ಇತ್ತು. ಅದಕ್ಕೂ ಹೆಸರಿನ ಉದ್ದಕ್ಕೂ, ಅದು ಎಷ್ಟು ಅಪರೂಪ ಅನ್ನುವುದಕ್ಕೂ ಸಂಬಂಧ ಇರಲಿಲ್ಲ. ಫೋನ್ ಮಾಡಿದವರಿಗೆಲ್ಲ ನಾನು ಹೇಳುವ ಮಾತು ಇದೇ: ಅಪರೂಪ ಆಗಿರಲಿ, ನಾಲಿಗೆಗೆ ಸುಲಭ ಆಗಿರಲಿ. ಎರಡೂ ಒಟ್ಟಿಗೆ ಆಗುತ್ತದೆ.

ಮಾಮೂಲಿ ಹೆಸರಿಗೇ ಸ್ಪೆಲಿಂಗ್ ಬದಲಿಸಿದರೆ ವಿಶೇಷ ಆಗುವುದಿಲ್ವಾ?

ದಯವಿಟ್ಟು ಬೇಡ. ಕಿವಿಗೆ ಅದೇ ಹೆಸರು, ಬರೆಯುವಾಗ ಮಾತ್ರ ಜೀವನ ಪೂರ್ತಿ ತಿದ್ದುವ ಕೆಲಸ. ಒಂದು ಕಡೆ ಎರಡು ಎ, ಇನ್ನೊಂದು ಕಡೆ ಒಂದೇ ಎ ಬಿದ್ದರೆ ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ. ಅದನ್ನು ಸರಿ ಮಾಡಿಸಲು ಅಲೆಯುವುದು ಮಗುವೇ.

ಇನ್ನೊಂದು ಮಾತು. ನಮ್ಮ ಲಿಪಿಯಲ್ಲಿ ಸ್ಪಷ್ಟವಾಗಿ ಇರುವುದು ಇಂಗ್ಲಿಷ್ ಅಕ್ಷರಕ್ಕೆ ಹೋದಾಗ ಕಳೆದುಹೋಗುತ್ತದೆ. ಲಕಾರ ಳಕಾರ ಒಂದೇ ಆಗುತ್ತವೆ, ಹ್ರಸ್ವ ದೀರ್ಘ ಗೊತ್ತಾಗುವುದಿಲ್ಲ. ಬೆಳಕು "ಬೆಲಕು" ಆಗುತ್ತದೆ, ಹೊನಲು "ಹೋನಾಲು" ಆಗುತ್ತದೆ. ಹೆಸರನ್ನು ಎರಡೂ ಲಿಪಿಯಲ್ಲಿ ಬರೆದು, ಕನ್ನಡ ಗೊತ್ತಿಲ್ಲದ ಒಬ್ಬರ ಹತ್ತಿರ ಓದಿಸಿ ನೋಡಿ. ಅವರು ಹೇಳಿದ್ದು ಕೇಳಲು ನಿಮಗೆ ಪರವಾಗಿಲ್ಲ ಅನ್ನಿಸಿದರೆ ಮುಂದುವರಿಯಿರಿ.

ಸರ್ಕಾರ ಹೆಸರನ್ನು ಬೇಡ ಅನ್ನಬಹುದಾ?

ಎಷ್ಟೋ ದೇಶಗಳಲ್ಲಿ ಅನ್ನಬಹುದು. ಐಸ್‌ಲ್ಯಾಂಡ್‌ನಲ್ಲಿ 1991ರಿಂದ ಹೆಸರುಗಳಿಗೇ ಒಂದು ಸಮಿತಿ ಇದೆ. ಹೊಸ ಹೆಸರು ಅವರ ಭಾಷೆಯ ವಿಭಕ್ತಿಗೆ, ಕಾಗುಣಿತಕ್ಕೆ ಹೊಂದಬೇಕು. ಅಲ್ಲಿ ಒಬ್ಬ ಹುಡುಗಿಗೆ ತಾಯಿ ಬ್ಲೈರ್ ಅಂತ ಹೆಸರಿಟ್ಟಿದ್ದರು. ಅಂದರೆ ತಂಗಾಳಿ. ಆ ಪದ ಪುಲ್ಲಿಂಗ ಅಂತ ಅಧಿಕಾರಿಗಳು ಒಪ್ಪಲಿಲ್ಲ. ಸರ್ಕಾರಿ ದಾಖಲೆಗಳಲ್ಲಿ ಅವಳ ಹೆಸರಿನ ಜಾಗದಲ್ಲಿ ಬರೀ "ಹುಡುಗಿ" ಅಂತ ಇತ್ತು. 2013ರಲ್ಲಿ, 15ನೇ ವಯಸ್ಸಿಗೆ, ಅವಳು ನ್ಯಾಯಾಲಯದಲ್ಲಿ ಗೆದ್ದು ತನ್ನ ಹೆಸರನ್ನು ಪಡೆದಳು. 2019ರ ಕಾನೂನು ಗಂಡು ಹೆಸರು, ಹೆಣ್ಣು ಹೆಸರು ಎಂಬ ಕಟ್ಟನ್ನೇ ತೆಗೆದುಹಾಕಿತು. ಈ ಕತೆ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇದಕ್ಕೆ ವಿರುದ್ಧದ ಕತೆ ನ್ಯೂಜಿಲೆಂಡ್‌ನದು. ಅಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ಹೆಸರು "ಹವಾಯಿಯಿಂದ ಬಂದ ತಲೂಲಾ ಹೂಲಾ ಕುಣಿಯುತ್ತಾಳೆ" ಎಂಬ ಪೂರ್ತಿ ವಾಕ್ಯ. ಅವಳು ಗೆಳತಿಯರಿಗೆ ಅದನ್ನು ಹೇಳಿರಲೇ ಇಲ್ಲ, "ಕೆ" ಅಂತ ಕರೆಯಿರಿ ಎಂದಿದ್ದಳು. 2008ರಲ್ಲಿ ಹೊರಬಂದ ತೀರ್ಪಿನಲ್ಲಿ ನ್ಯಾಯಾಧೀಶರು, ಹೆಸರು ಬದಲಿಸಲಿಕ್ಕೆಂದೇ ಅವಳನ್ನು ನ್ಯಾಯಾಲಯದ ಸುಪರ್ದಿಗೆ ತೆಗೆದುಕೊಂಡರು. ಆ ದೇಶದಲ್ಲಿ ಅತಿ ಉದ್ದದ, ಅಸಹ್ಯದ, ಅಧಿಕಾರಿಯ ಪದವಿಯಂತೆ ಕಾಣುವ ಹೆಸರುಗಳನ್ನು ತಡೆಯುತ್ತಾರೆ. ರಾಜ, ರಾಜಕುಮಾರ ಅನ್ನುವ ಅರ್ಥದ ಇಂಗ್ಲಿಷ್ ಹೆಸರುಗಳೂ ತಿರಸ್ಕಾರವಾಗುತ್ತವೆ.

ಸ್ವೀಡನ್‌ನಲ್ಲಿ ದಂಪತಿಯೊಬ್ಬರು ಹೆಸರಿನ ಕಾನೂನನ್ನು ವಿರೋಧಿಸಿ 1996ರಲ್ಲಿ 43 ಅಕ್ಷರ ಅಂಕಿಗಳ, ಓದಲಾಗದ ಹೆಸರು ಕೊಟ್ಟರು. ಅದು ತಿರಸ್ಕಾರವಾಯಿತು. ಜಪಾನಿನ ಅಕಿಶಿಮಾ ಊರಲ್ಲಿ 1993ರಲ್ಲಿ ಒಬ್ಬ ತಂದೆ ಮಗನಿಗೆ ಅಕುಮಾ, ಅಂದರೆ ದೆವ್ವ, ಅಂತ ಹೆಸರಿಡಲು ಹೋಗಿ ದೇಶವೆಲ್ಲ ಚರ್ಚೆಯಾಯಿತು. ಅಲ್ಲಿ 2025ರ ಮೇ ತಿಂಗಳಿಂದ ಹೆಸರಿನ ಉಚ್ಚಾರವನ್ನೂ ದಾಖಲಿಸಬೇಕು, ಲಿಪಿಗೂ ಉಚ್ಚಾರಕ್ಕೂ ಸಂಬಂಧವೇ ಇಲ್ಲದಿದ್ದರೆ ಅಧಿಕಾರಿಗಳು ಒಪ್ಪದಿರಬಹುದು. ಫ್ರಾನ್ಸ್ 1993ರಲ್ಲಿ ಪಾಲಕರಿಗೆ ಸ್ವಾತಂತ್ರ್ಯ ಕೊಟ್ಟಿತು. ಮಗುವಿಗೆ ಕೆಡುಕಾಗುತ್ತದೆ ಅನ್ನಿಸಿದರೆ ನ್ಯಾಯಾಲಯ ತಡೆಯಬಹುದು. ನುಟೆಲಾ ಎಂಬ ಬ್ರ್ಯಾಂಡ್ ಹೆಸರಿಟ್ಟಿದ್ದ ಮಗುವಿಗೆ ಹಾಗೇ ಆಯಿತು, ಅದನ್ನು ಎಲಾ ಅಂತ ಬದಲಿಸಲಾಯಿತು. ಎಲಾನ್ ಮಸ್ಕ್ 2020ರಲ್ಲಿ ಮಗನ ಹೆಸರಲ್ಲಿ 12 ಎಂಬ ಅಂಕಿ ಸೇರಿಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಅಂಕಿಗೆ ಅವಕಾಶ ಇಲ್ಲ. ಕೊನೆಗೆ ಅದನ್ನು ರೋಮನ್ ಅಂಕಿಯ ಅಕ್ಷರಗಳಲ್ಲಿ ಬರೆದರು.

ನೀವಿರುವ ಕಡೆ ನಿಯಮ ಏನು ಅಂತ ನೋಂದಣಿಗೆ ಮುಂಚೆ ನೋಡಿಕೊಳ್ಳಿ.

ಧಾರಾವಾಹಿಯ ಪಾತ್ರದ ಹೆಸರು, ಈಗ ಟ್ರೆಂಡ್‌ನಲ್ಲಿರುವ ಹೆಸರು ಇಡಬಹುದಾ?

ಕತೆ ಮುಗಿಯುವ ತನಕ ಕಾಯಿರಿ. ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಯ ಒಬ್ಬ ರಾಣಿಯ ಬಿರುದಿನಿಂದ ಬಂದ ಖಲೀಸಿ ಹೆಸರನ್ನು 2018ರಲ್ಲಿ ಅಮೆರಿಕದಲ್ಲಿ 560 ಹೆಣ್ಣುಮಕ್ಕಳಿಗೆ ಇಟ್ಟರು. ಮರುವರ್ಷದ ಕೊನೆಯ ಕಂತುಗಳಲ್ಲಿ ಆ ರಾಣಿ ಇಡೀ ನಗರವನ್ನೇ ಸುಟ್ಟಳು. ಹೆಸರಿನ ಹಿಂದಿನ ಕತೆ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಟ್ರೆಂಡ್ ಇಲ್ಲದ ಹೆಸರಿಗೂ ಇದು ಆಗಬಹುದು. 2015ರಲ್ಲಿ ಅಮೆರಿಕದಲ್ಲಿ ಸುಮಾರು 6,000 ಮಕ್ಕಳಿಗೆ ಅಲೆಕ್ಸಾ ಅಂತ ಹೆಸರಿಟ್ಟರು. ಅದೇ ಹೆಸರಿನಿಂದ ಕರೆದರೆ ಉತ್ತರಿಸುವ ಅಮೆಜಾನ್‌ನ ಮಾತಾಡುವ ಯಂತ್ರ ಮನೆಮನೆಗೆ ಬಂದ ಮೇಲೆ ಆ ಹೆಸರಿಡುವುದು ಬಹಳ ಕಡಿಮೆಯಾಯಿತು. ಪಾಪ, ಆ ಹುಡುಗಿಯರನ್ನು ಎಲ್ಲರೂ ಆಜ್ಞೆ ಮಾಡುವ ದನಿಯಲ್ಲಿ ಕರೆಯುತ್ತಾರೆ. ಇದನ್ನು ಯಾವ ಅಪ್ಪ ಅಮ್ಮನೂ ಮೊದಲೇ ಊಹಿಸಲು ಆಗುತ್ತಿರಲಿಲ್ಲ.

ಮಗುವಿಗೆ ತನ್ನ ಹೆಸರು ಯಾವಾಗ ಗೊತ್ತಾಗುತ್ತದೆ?

ಸುಮಾರು ನಾಲ್ಕೂವರೆ ತಿಂಗಳಿಗೆ. ಆ ವಯಸ್ಸಿನ ಮಕ್ಕಳು ಬೇರೆ ಹೆಸರುಗಳಿಗಿಂತ ತಮ್ಮ ಹೆಸರನ್ನು ಹೆಚ್ಚು ಹೊತ್ತು ಆಲಿಸುತ್ತಾರೆ ಅಂತ 1995ರ ಒಂದು ಅಧ್ಯಯನ ತೋರಿಸಿತು. ಅದು ತನ್ನದು ಅನ್ನುವ ತಿಳಿವಳಿಕೆ ಆಮೇಲೆ ನಿಧಾನವಾಗಿ ಬರುತ್ತದೆ.

ಹೆಸರಿಟ್ಟ ಮೇಲೆ ತಪ್ಪು ಮಾಡಿದೆವು ಅನ್ನಿಸುತ್ತಿದೆ. ಬದಲಿಸಬಹುದಾ?

ಯಾಕೆ ಹಾಗೆ ಅನ್ನಿಸುತ್ತಿದೆ ಅಂತ ಮೊದಲು ನೋಡಿ. ಬೇರೆಯವರ ಮಾತಿನಿಂದ ಆದರೆ ಆರು ತಿಂಗಳು ತಡೆಯಿರಿ, ಹೆಚ್ಚಿನವರದು ಅಷ್ಟರಲ್ಲಿ ಹೋಗುತ್ತದೆ. ಒಬ್ಬರೇ ಇದ್ದಾಗ ಮಗುವನ್ನು ಆ ಹೆಸರಲ್ಲಿ ಕರೆಯಲು ನಿಮಗೇ ಬಾಯಿ ಬಾರದಿದ್ದರೆ ಅದು ಬೇರೆ ಮಾತು. ಆಗ ಬದಲಿಸಿ. ಬೇಗ ಬದಲಿಸಿ. ಮಗು ಚಿಕ್ಕದಿದ್ದಷ್ಟೂ ಕಾಗದಪತ್ರ ಕಡಿಮೆ.

ದೊಡ್ಡವಳಾಗಿ ಮಗಳೇ "ಈ ಹೆಸರು ಬೇಡ" ಅಂದರೆ?

ಈ ಪ್ರಶ್ನೆ ಕೇಳಿದಾಗ ನನಗೆ ಈಗಲೂ ಎದೆ ಒಂದು ಸಲ ಝಲ್ ಅನ್ನುತ್ತದೆ. ಆದರೂ ಉತ್ತರ ಒಂದೇ. ಬದಲಿಸಿಕೊಳ್ಳಲಿ.

ಗಾಯಕ ಡೇವಿಡ್ ಬೋವಿ 1971ರಲ್ಲಿ ಹುಟ್ಟಿದ ಮಗನಿಗೆ ಡಂಕನ್ ಜೋವಿ ಹೇವುಡ್ ಜೋನ್ಸ್ ಅಂತ ಉದ್ದಕ್ಕೆ ಹೆಸರಿಟ್ಟ. ಪ್ರಪಂಚ ಆ ಹುಡುಗನನ್ನು ಜೋವಿ ಬೋವಿ ಅಂತಲೇ ಕರೆಯಿತು. ಬೆಳೆದ ಮೇಲೆ ಅವನು ಡಂಕನ್ ಜೋನ್ಸ್ ಅಂತ ಇಟ್ಟುಕೊಂಡು ಸಿನಿಮಾ ನಿರ್ದೇಶಕನಾದ. ಬೇಕಾದ ಹೆಸರು ಅವನಿಗೆ ಹುಟ್ಟುವಾಗಲೇ ಸಿಕ್ಕಿತ್ತು, ಎತ್ತಿಕೊಂಡ ಅಷ್ಟೇ. ಇದನ್ನು ನೋಡಿ ನಾವೂ ಮಗಳ ದಾಖಲೆಯಲ್ಲಿ ಎರಡನೇ ಹೆಸರನ್ನು ಮಾಮೂಲಿಯದ್ದೇ ಬರೆಸಿದೆವು. ಇಲ್ಲಿಯವರೆಗೆ ಅವಳು ಅದನ್ನು ಮುಟ್ಟಿಲ್ಲ.

ಬೇರೆಯವರ ಮಗುವಿನ ಹೆಸರು ವಿಚಿತ್ರ ಅನ್ನಿಸಿದರೆ ನಾನು ಏನು ಹೇಳಲಿ?

ಇದನ್ನು ಕೇಳುವವರು ಕಡಿಮೆ. ಕೇಳಿದವರ ಬಗ್ಗೆ ನನಗೆ ತುಂಬ ಪ್ರೀತಿ ಬರುತ್ತದೆ.

ಚೆನ್ನಾಗಿದೆ ಅಂತ ಸುಳ್ಳು ಹೇಳಬೇಕಿಲ್ಲ. ಸರಿಯಾಗಿ ಹೇಳಲು ಕಲಿತರೆ ಸಾಕು. ಮಗಳಿಗೆ ಎರಡು ವರ್ಷ ಇದ್ದಾಗ ರೈಲಿನಲ್ಲಿ ಎದುರು ಕೂತಿದ್ದ ಒಬ್ಬ ವಯಸ್ಸಾದವರು ಅವಳ ಹೆಸರು ಕೇಳಿದರು. ಹೇಳಿದೆ. ಅವರು ಮತ್ತೆ ಕೇಳಿದರು. ಮತ್ತೆ ಹೇಳಿದೆ. ಕಿಟಕಿಯ ಕಡೆ ತಿರುಗಿ ಬಾಯಲ್ಲೇ ಎರಡು ಮೂರು ಸಲ ಅಂದುಕೊಂಡರು. ಆಮೇಲೆ ಬಗ್ಗಿ, ಅವಳ ಮುಖ ನೋಡಿ, ಒಂದಕ್ಷರವೂ ತಪ್ಪದೆ ಕರೆದರು. ಅವಳು ಎದ್ದು ಅವರ ಪಕ್ಕಕ್ಕೆ ಹೋಗಿ ಕೂತಳು.